ಮರೆತದ್ದೋ, ಒಳಗೆ ಇಳಿದೇ ಇರಲಿಲ್ಲವೋ? ಮಿದುಳಿನ ಅಲೆಗಳು ಮತ್ತು ಕೋಲಾರದ ಹಿರಿಯರು

ಕಳೆದ ವರ್ಷ ಮಾವಿನ ಸುಗ್ಗಿ ಮುಗಿದ ಮೇಲೆ ನಮ್ಮ ಸೋದರತ್ತೆಯನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವಳು, ಎಪ್ಪತ್ತು ದಾಟಿದೆ, ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಹೇಳಿದ್ದನ್ನೇ ಹೇಳುತ್ತಾಳೆ, ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ ಎಂದು ಸೊಸೆಗೆ ದಿಗಿಲು. ಅಲ್ಲಿ ಒಬ್ಬ ಹುಡುಗಿ ಕಾಗದ ಹಿಡಿದುಕೊಂಡು ಪ್ರಶ್ನೆ ಕೇಳಿದಳು. ಇವತ್ತು ತಾರೀಖು ಎಷ್ಟು? ಅತ್ತೆ ಅಮಾವಾಸ್ಯೆ ಕಳೆದು ನಾಲ್ಕು ದಿನ ಎಂದಳು. ಕಾಗದದಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ, ಸೊನ್ನೆ ಬಿತ್ತು. ನೂರರಲ್ಲಿ ಏಳು ಕಳೆದರೆ? ಸುಮ್ಮನಾದಳು. ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಒಂದನ್ನು ಮಾತ್ರ ಹೇಳಿದಳು. ಒಂದು ವಾಕ್ಯ ಬರೆಯಿರಿ, ಈ ಚಿತ್ರವನ್ನು ನೋಡಿ ಹಾಗೆಯೇ ಬಿಡಿಸಿ ಎಂದಾಗ ಪೆನ್ನನ್ನು ಕಡ್ಡಿಯ ಹಾಗೆ ಹಿಡಿದು ನನ್ನ ಮುಖ ನೋಡಿದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ನಾನು ತೆಲುಗಿನಲ್ಲಿ ಕೇಳಿದೆ. ಅಂಗಡಿಗೆ ನೂರು ರೂಪಾಯಿ ಕೊಟ್ಟು ಏಳು ರೂಪಾಯಿ ಸಾಮಾನು ತಗೊಂಡರೆ ಎಷ್ಟು ವಾಪಸ್ಸು ಬರಬೇಕು? 'ತೊಂಬತ್ಮೂರು' ಎಂದಳು ತಕ್ಷಣ. 'ಆ ಹುಡುಗಿ ಕೇಳಿದ್ದು ಇದನ್ನೇನಾ?'

ಆಮೇಲೆ ಇಇಜಿ ಬರೆದುಕೊಟ್ಟರು. ಎರಡು ದಿನ ಬಿಟ್ಟು ವರದಿ ಬಂತು, ನಾರ್ಮಲ್ ಎಂದಿತ್ತು. ಊರಿನಲ್ಲಿ ಎಲ್ಲರಿಗೂ ಸಮಾಧಾನ: ತಲೆಗೆ ವೈರು ಹಾಕಿ ನೋಡಿದ್ದಾರೆ, ಏನೂ ಇಲ್ಲವಂತೆ. ಆ ಸಮಾಧಾನದಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ನನಗೂ ಇತ್ತು. ಅದನ್ನು ಬಿಡಿಸಿಕೊಳ್ಳಲು ಓದುತ್ತಾ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಹಳ್ಳಿಗಳಿಗೂ ಈ ವಿಜ್ಞಾನಕ್ಕೂ ಈಗ ನೇರ ಸಂಬಂಧ ಬೆಳೆದಿದೆ ಎನ್ನುವುದು ಇನ್ನೊಂದು ಕಾರಣ.

ಇಇಜಿ ಅಂದರೆ ತಲೆಯ ಚರ್ಮದ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಮಿದುಳಿನ ವಿದ್ಯುತ್ ಏರಿಳಿತವನ್ನು ಬರೆದುಕೊಳ್ಳುವುದು. ಹಿಂದಿನ ದಿನ ಸೀಗೆಕಾಯಿ ಹಾಕಿ ತಲೆ ತೊಳೆದು ಬನ್ನಿ, ಎಣ್ಣೆ ಮುಟ್ಟಿಸಬೇಡಿ ಎಂದು ಹೇಳಿದ್ದರು. ಎಣ್ಣೆಯಿದ್ದರೆ ಎಲೆಕ್ಟ್ರೋಡು ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ. ದಿನವೂ ಎಣ್ಣೆ ಹಚ್ಚಿ ತುರುಬು ಕಟ್ಟುವ ಹೆಂಗಸಿಗೆ ಅದೇ ದೊಡ್ಡ ಮುಜುಗರ. ಟೆಕ್ನಿಷಿಯನ್ ಹುಬ್ಬುಗಳ ನಡುವಿನಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು ಅಳೆದು, ಅದರ ಶೇ 10 ಮತ್ತು ಶೇ 20ರ ಅಂತರಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದರು. 1958ರಿಂದ ಲೋಕದೆಲ್ಲೆಡೆ ಇದೇ ಲೆಕ್ಕ. ಕೂದಲು ಬಗೆದು, ಚರ್ಮ ಉಜ್ಜಿ, ಬಿಳಿ ಪೇಸ್ಟು ಮೆತ್ತಿ ಒಂದೊಂದೇ ವೈರು ಅಂಟಿಸಿದರು. ಕಣ್ಣು ಮುಚ್ಚಿ ಎಂದರು. ಪರದೆಯ ಮೇಲೆ ಹರಡಿದ್ದ ಗೆರೆಗಳು, ಮುಖ್ಯವಾಗಿ ಹಿಂದಲೆಯವು, ಒಂದೇ ಸಮನೆ ತೂಗಲು ಶುರುವಾದವು. ಸೆಕೆಂಡಿಗೆ ಸುಮಾರು ಹತ್ತು ತೂಗು. ಕಣ್ಣು ಬಿಟ್ಟ ಕೂಡಲೇ ತೂಗಾಟ ನಿಂತಿತು. ಇದು ಆಲ್ಫಾ ಅಲೆ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬೆರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ. ತಾನು ಕಂಡದ್ದು ನಿಜವೇ ಎಂಬ ಅನುಮಾನದಲ್ಲಿ ಐದು ವರ್ಷ ಕಾದು 1929ರಲ್ಲಿ ಪ್ರಕಟಿಸಿದ. ನಂಬಿದವರು ಕಡಿಮೆ. 1934ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನೇ ಮತ್ತೆ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು.

ಈ ಅಲೆಗಳು ಎಷ್ಟು ಕ್ಷೀಣ ಎಂದರೆ, ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು, ಅಂದರೆ 15 ಮೈಕ್ರೋವೋಲ್ಟ್. ಬಹುಪಾಲು ಅಲೆಗಳು ಇದರ ಆಸುಪಾಸಿನವೇ. ಕಣ್ಣು ಮಿಟುಕಿಸಿದರೆ ಇದಕ್ಕಿಂತ ಹಲವು ಪಟ್ಟು ದೊಡ್ಡ ಅಲೆ ಏಳುತ್ತದೆ. ಅತ್ತೆಗೆ ಬಾಯಲ್ಲಿ ಎಲೆ ಅಡಿಕೆ ಇಲ್ಲದಿದ್ದರೂ ದವಡೆ ಆಡಿಸುವ ಅಭ್ಯಾಸ. ಪ್ರತಿ ಸಲ ಆಡಿಸಿದಾಗಲೂ ಪರದೆ ಕಪ್ಪು ಗೀಚಾಯಿತು.

ಒಂದು ನರಕೋಶದ ವಿದ್ಯುತ್ತು ತಲೆಬುರುಡೆ ದಾಟಿ ಹೊರಗೆ ಬರುವುದಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯ ಗೋಡೆಯಾಚೆ ನಿಂತು ಕಿವಿಗೊಟ್ಟವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಳಗೆ ಒಬ್ಬೊಬ್ಬರೂ ತಮ್ಮ ತಮ್ಮ ದರ ಕೂಗುತ್ತಿದ್ದರೆ ಹೊರಗೆ ಕೇಳುವುದು ಬರೀ ಗದ್ದಲ. ಎಲ್ಲರೂ ಒಟ್ಟಿಗೆ 'ಹೋ' ಎಂದರೆ ರಸ್ತೆಯ ಆ ಬದಿಗೂ ಕೇಳುತ್ತದೆ. ಒಂದೇ ದಿಕ್ಕಿಗೆ ಸಾಲಾಗಿ ನಿಂತ ಸಾವಿರಾರು, ಲಕ್ಷಾಂತರ ಕೋಶಗಳು ಒಟ್ಟಿಗೆ ಏರಿ ಇಳಿದಾಗ ಮಾತ್ರ ಇಇಜಿಗೆ ಸುಳಿವು ಸಿಗುತ್ತದೆ. ಯಾವ ಮೂಲೆಯಿಂದ ಕೂಗು ಬಂತು ಎಂದು ಗೋಡೆಯಾಚೆಯಿಂದ ನಿಖರವಾಗಿ ಹೇಳಲಾಗದು. ಯಾವ ಕ್ಷಣದಲ್ಲಿ ಬಂತು ಎಂದು ಮಾತ್ರ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಹೇಳಬಹುದು. ಎಂಆರ್‌ಐನಲ್ಲಿ ಮಿದುಳಿನ ಕೆಲಸ ನೋಡುವುದು ರಕ್ತದ ಹರಿವಿನ ಮೂಲಕ, ಅದಕ್ಕೆ ಸೆಕೆಂಡುಗಳು ಬೇಕು. ನೆನಪು ಅಷ್ಟು ಹೊತ್ತು ಕಾಯುವುದಿಲ್ಲ. ಇಇಜಿ ನೂರು ವರ್ಷ ಹಳೆಯದಾದರೂ ಬದುಕಿರುವುದು ಈ ಗುಣದಿಂದ.

ಅತ್ತೆಗೆ ಮಾಡಿದ ಇಇಜಿ ಮುಖ್ಯವಾಗಿ ಮೂರ್ಛೆರೋಗ, ಮಿದುಳಿನ ಉರಿಯೂತದಂಥವನ್ನು ಹುಡುಕಲು. ಅರ್ಧ ಗಂಟೆ ಮಲಗಿಸಿ, ದೀಪ ಮಿನುಗಿಸಿ, ಜೋರಾಗಿ ಉಸಿರಾಡಿಸಿ ನೋಡುತ್ತಾರೆ. ಅಲ್ಲಿ ನೆನಪಿಗೆ ಯಾವ ಕೆಲಸವನ್ನೂ ಕೊಡುವುದಿಲ್ಲ. ಬಾವಿಯಲ್ಲಿ ನೀರಿದೆಯೇ ಎಂದು ತಿಳಿಯಲು ಕೊಡ ಇಳಿಸಬೇಕು, ಕಟ್ಟೆ ಬಿರುಕು ಬಿಟ್ಟಿಲ್ಲ ಎಂದು ನೋಡಿದರೆ ಸಾಲದು. ಆ ವರದಿಯ 'ನಾರ್ಮಲ್' ಎಂಬ ಪದ ಕಟ್ಟೆಯ ಬಗ್ಗೆ ಹೇಳಿತ್ತು. ನೆನಪಿನ ಬಗ್ಗೆ ಅದು ಬಾಯಿ ಬಿಟ್ಟಿರಲಿಲ್ಲ.

ನೆನಪನ್ನು ಅಧ್ಯಯನ ಮಾಡುವವರು ಕೊಡ ಇಳಿಸುತ್ತಾರೆ. ನನ್ನನ್ನು ಅತಿ ಹೆಚ್ಚು ಹಿಡಿದ ಪ್ರಯೋಗದ ಬಗೆ ಹೀಗಿದೆ. ಪರದೆಯ ಮೇಲೆ ಒಂದಾದ ಮೇಲೊಂದು ಪದ ಅಥವಾ ಚಿತ್ರ ತೋರಿಸುತ್ತಾರೆ. ಬಾವಿ, ಕುಡುಗೋಲು, ಹಲಸು, ಬಸ್ಸು, ಹೀಗೆ ನೂರಾರು. ಒಂದೊಂದು ಕಂಡ ಕ್ಷಣದ ಅಲೆಯನ್ನೂ ಬೇರೆ ಬೇರೆಯಾಗಿ ಎತ್ತಿಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಯಾವುದು ನೆನಪಿದೆ ಎಂದು ಕೇಳುತ್ತಾರೆ. ಈಗ ಹಳೆಯ ದಾಖಲೆಗೆ ಹಿಂದಿರುಗಿ ಅಲೆಗಳನ್ನು ಎರಡು ರಾಶಿ ಮಾಡುತ್ತಾರೆ: ಆಮೇಲೆ ನೆನಪಿಗೆ ಬಂದ ಪದಗಳವು, ಬಾರದವು. ಒಂದೊಂದನ್ನೇ ನೋಡಿದರೆ ಏನೂ ಕಾಣದು, ಗದ್ದಲವೇ ಹೆಚ್ಚು. ರಾಗಿ ಕೇರುವಾಗ ಮೊರವನ್ನು ಮತ್ತೆ ಮತ್ತೆ ಎತ್ತಿದಷ್ಟೂ ಹೊಟ್ಟು ಹಾರಿ ಕಾಳು ಉಳಿಯುತ್ತದಲ್ಲ, ಹಾಗೆ ಹತ್ತಾರು ಅಲೆಗಳ ಸರಾಸರಿ ತೆಗೆದಾಗ ಗೊತ್ತುಗುರಿಯಿಲ್ಲದ ಏರಿಳಿತಗಳು ಒಂದನ್ನೊಂದು ಅಳಿಸಿಕೊಂಡು, ಪದ ಕಂಡದ್ದಕ್ಕೆ ಮಿದುಳು ಕೊಟ್ಟ ಉತ್ತರ ಮಾತ್ರ ಉಳಿಯುತ್ತದೆ. ಆಗ ತಿಳಿಯುವುದೇನೆಂದರೆ, ಮುಂದೆ ನೆನಪಾಗಲಿದ್ದ ಪದಗಳ ಅಲೆಗಳು ಆ ಪದ ಕಂಡ ಅರ್ಧ ಸೆಕೆಂಡಿನ ಆಸುಪಾಸಿನಲ್ಲೇ ಬೇರೆಯಾಗಿದ್ದವು. 1980ರ ದಶಕದಿಂದ ಇದನ್ನು ಹಲವು ಪ್ರಯೋಗಾಲಯಗಳು ಮತ್ತೆ ಮತ್ತೆ ಕಂಡಿವೆ.

ಇದರ ಅರ್ಥವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ, ನಾವು 'ಮರೆತೆ' ಎನ್ನುವುದರಲ್ಲಿ ಎಷ್ಟೋ ಪಾಲು ಮರೆತದ್ದೇ ಅಲ್ಲ. ಒಳಗೆ ಇಳಿದೇ ಇರಲಿಲ್ಲ. ಬೀಗದ ಕೈ ಎಲ್ಲಿಟ್ಟೆ ಎಂಬುದು ಕಳೆದುಹೋಗುವುದು ಸಂಜೆ ಹುಡುಕುವಾಗಲ್ಲ, ಬೆಳಿಗ್ಗೆ ಇಡುವಾಗಲೇ. ಗಮನ ಬೇರೆಲ್ಲೋ ಇತ್ತು, ಅಥವಾ ಕಿವಿಗೆ ಸರಿಯಾಗಿ ಬೀಳಲಿಲ್ಲ, ಕಣ್ಣಿಗೆ ಮಬ್ಬು ಕಂಡಿತು. ಇಳಿಯದೇ ಹೋದದ್ದು ಮತ್ತು ಇಳಿದು ಅಳಿಸಿಹೋದದ್ದು, ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕಾಗದದ ಪರೀಕ್ಷೆಯಲ್ಲಿ ಎರಡಕ್ಕೂ ಸೊನ್ನೆಯೇ. ಅಲೆಗಳಲ್ಲಿ ಎರಡನ್ನೂ ಬೇರೆ ಮಾಡಿ ನೋಡುವ ದಾರಿಯಿದೆ.

ನೆನಪು ಮೇಲೆ ಬರುವಾಗಲೂ ಹೀಗೆಯೇ ಎರಡು ಹೆಜ್ಜೆ. ಸಂತೆಯಲ್ಲಿ ಒಬ್ಬರು ಎದುರಾಗುತ್ತಾರೆ, ಮುಖ ಪರಿಚಯದ್ದೇ, ಯಾರೆಂದು ಹೊಳೆಯುವುದಿಲ್ಲ. ಮರುಕ್ಷಣ, ಅರೆ, ಚಿಂತಾಮಣಿಯ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದವರು. ಮೊದಲನೆಯದು ಬರೀ ಪರಿಚಯದ ಭಾವ. ಕಂಡು 300ರಿಂದ 500 ಮಿಲಿಸೆಕೆಂಡಿನೊಳಗೆ (ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ) ತಲೆಯ ಮುಂಭಾಗದ ಅಲೆಯಲ್ಲಿ ಅದರ ಗುರುತು ಸಿಗುತ್ತದೆ ಎಂದು ಅನೇಕ ಸಂಶೋಧಕರು ವಾದಿಸುತ್ತಾರೆ. ಎರಡನೆಯದು ಜಾಗ, ಸಂದರ್ಭ ಸಮೇತ ನೆನಪಾಗುವುದು. ಅದು 500ರಿಂದ 800 ಮಿಲಿಸೆಕೆಂಡಿನ ನಡುವೆ, ನೆತ್ತಿಯ ಹಿಂದೆ, ಹೆಚ್ಚಾಗಿ ಎಡಕ್ಕೆ. ವಯಸ್ಸಾದಂತೆ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಸೊರಗುತ್ತದೆ. ಮುದುಕರು 'ಎಲ್ಲೋ ನೋಡಿದೀನಪ್ಪ' ಎನ್ನುವುದರ ಹಿಂದೆ ಇರುವುದು ಇದು.

ಭಾಷೆಯದ್ದೂ ಒಂದು ಅಲೆಯಿದೆ. 'ಬಿಸಿ ಮುದ್ದೆಯನ್ನು ಚಪ್ಪಲಿಯ ಜೊತೆ' ಎಂದು ಓದಿದೊಡನೆ ನಿಮ್ಮ ಮಿದುಳಿನಲ್ಲಿ ಸುಮಾರು 400 ಮಿಲಿಸೆಕೆಂಡಿಗೆ ಒಂದು ಋಣ (ನೆಗೆಟಿವ್) ಅಲೆ ಏಳುತ್ತದೆ. 'ಬಸ್ಸಾರಿನ ಜೊತೆ' ಎಂದಿದ್ದರೆ ಅದು ಚಿಕ್ಕದಾಗಿರುತ್ತಿತ್ತು. 1980ರಲ್ಲಿ ಅಮೆರಿಕದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಇದನ್ನು ತೋರಿಸಿದರು. ಮುಂದೇನು ಬರುತ್ತದೆ ಎಂದು ನೆನಪಿನ ಉಗ್ರಾಣ ಸದಾ ಸಿದ್ಧವಾಗಿರುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ಒಂದು ದೀರ್ಘ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತಾ ಬಂದಿದೆ. ಗುರಿ ಹತ್ತು ಸಾವಿರ ಜನ. ಅದೇ ಮನುಷ್ಯರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವುದು ಅದರ ಜೀವಾಳ: ನೆನಪಿನ ಪರೀಕ್ಷೆ, ರಕ್ತ, ವಂಶವಾಹಿ, ಮಿದುಳಿನ ಸ್ಕ್ಯಾನ್. ಇದಕ್ಕೆ ಜೋಡಿಯಾಗಿ ಬೆಂಗಳೂರಿನ ನಗರವಾಸಿಗಳದ್ದೇ ಇನ್ನೊಂದು ಅಧ್ಯಯನವಿದೆ. ಹಳ್ಳಿಯ ಅಧ್ಯಯನ ಏಕೆ ಮುಖ್ಯ ಎಂಬುದಕ್ಕೆ ದೇಶದ ಅಂಕಿಗಳನ್ನು ನೋಡಬೇಕು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಕುಂದಿ ದಿನದ ಕೆಲಸಕ್ಕೂ ತೊಡಕಾಗುವ ಸ್ಥಿತಿ, ಇದೆ. ಹಳ್ಳಿಗಳಲ್ಲಿ ಶೇ 8.4, ಪಟ್ಟಣಗಳಲ್ಲಿ ಶೇ 5.3. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಓದಿಲ್ಲದವರಲ್ಲಿ ಹೆಚ್ಚು. ಓದದ ಹಳ್ಳಿಯ ಮುದುಕಿ ಈ ಮೂರೂ ಗೆರೆಗಳು ಕೂಡುವ ಜಾಗದಲ್ಲಿ ನಿಂತಿದ್ದಾಳೆ. ಆದರೆ ಪೆನ್ನು ಹಿಡಿಯಲು ಬಾರದವಳಿಗೆ ಪೆನ್ನಿನ ಪರೀಕ್ಷೆ ಮಾಡಿದರೆ ಅವಳ ರೋಗ ಎಷ್ಟು, ಅವಳಿಗೆ ಸಿಗದೇ ಹೋದ ಶಾಲೆ ಎಷ್ಟು ಎಂದು ಹೇಗೆ ಬೇರ್ಪಡಿಸುವುದು? ಅಕ್ಷರ ಬಾರದವರಿಗೆಂದೇ ಪರೀಕ್ಷೆಗಳನ್ನು ಹೊಂದಿಸುವ ಕೆಲಸ ಭಾರತದಲ್ಲಿ ಮೂವತ್ತು ವರ್ಷಗಳಿಂದ ನಡೆದಿದೆ. ಆದರೂ ಅತ್ತೆಯ ಮುಂದೆ ಬಂದದ್ದು ಹಳೆಯ ಕಾಗದವೇ.

ಈ ಹಿನ್ನೆಲೆಯಲ್ಲಿ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ ಬೆಂಗಳೂರಿನ ಹಿರಿಯರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಪರದೆ ತುಂಬ ಕಪ್ಪು ಬಿಳಿ ಪಟ್ಟೆಗಳನ್ನು ತೋರಿಸಿದಾಗ ಹಿಂದಲೆಯಲ್ಲಿ ಗ್ಯಾಮಾ ಎಂಬ ವೇಗದ ಲಯ ಏಳುತ್ತದೆ. ಅದರಲ್ಲಿ ಎರಡು ಬಗೆ: ಒಂದು, ಸೆಕೆಂಡಿಗೆ 20ರಿಂದ 35 ತೂಗಿನದು, ಇನ್ನೊಂದು 36ರಿಂದ 66ರದು. ನೋಡುವವರು ಓದಬೇಕಿಲ್ಲ, ಬರೆಯಬೇಕಿಲ್ಲ, ಯಾವ ಭಾಷೆಯೂ ಬೇಕಿಲ್ಲ, ಸುಮ್ಮನೆ ನೋಡಿದರೆ ಸಾಕು. 244 ಹಿರಿಯರಲ್ಲಿ 227 ಮಂದಿ ಆರೋಗ್ಯವಂತರು, 12 ಮಂದಿಗೆ ಅರಿವಿನ ಸಣ್ಣ ಕುಂದು, 5 ಮಂದಿಗೆ ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್‌ಝೈಮರ್. ಕುಂದಿದ್ದವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಗ್ಯಾಮಾ ಸ್ಪಷ್ಟವಾಗಿ ಕಡಿಮೆಯಿತ್ತು. ಆಲ್ಫಾದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹನ್ನೆರಡು ಮತ್ತು ಐದು ಎಂಬ ಸಂಖ್ಯೆಗಳನ್ನು ಮತ್ತೊಮ್ಮೆ ಓದಬೇಕು. ಇವು ಗುಂಪಿನ ಸರಾಸರಿಗಳು. ಆರೋಗ್ಯವಂತರಲ್ಲೂ ಒಬ್ಬರ ಗ್ಯಾಮಾ ಜೋರು, ಒಬ್ಬರದು ಸಣ್ಣದು, ಜೊತೆಗೆ ವಯಸ್ಸಿನೊಂದಿಗೆ ತಾನೇ ತಗ್ಗುತ್ತದೆ. ಹಾಗಾಗಿ ಒಬ್ಬ ವ್ಯಕ್ತಿಯ ಅಲೆಯನ್ನು ನೋಡಿ ನಿಮಗೆ ರೋಗವಿದೆ ಎನ್ನುವ ಹಂತ ಇದಲ್ಲ, ಸಂಶೋಧಕರೂ ಮುಂದೆ ಇದು ರೋಗದ ಸುಳಿವು ಹಿಡಿಯುವ ಜರಡಿಯಾಗಬಹುದು ಎಂದಷ್ಟೇ ಹೇಳಿದ್ದಾರೆ. ಇನ್ನು ಅಲೆಯನ್ನು ಯಾವುದಕ್ಕೆ ಹೋಲಿಸುವುದು? ನಗರದ ಹಿರಿಯರಿಂದ ಬಂದ ಅಳತೆಗೋಲು ಹೊಲದಲ್ಲಿ ಬೆನ್ನು ಬಾಗಿಸಿ, ಅರೆಬರೆ ಪೊರೆ ಬಂದ ಕಣ್ಣಿನಲ್ಲಿ ಬದುಕಿದವರಿಗೆ ಹಾಗೇ ಹೊಂದುವುದೇ? ಪಟ್ಟೆ ಮಬ್ಬಾಗಿ ಕಂಡರೂ ಗ್ಯಾಮಾ ಕುಗ್ಗುತ್ತದೆ. 'ಸಹಜ' ಎನ್ನುವ ಗೆರೆಯನ್ನು ನಮ್ಮಂಥವರ ತಲೆಗಳಿಂದಲೇ ಎಳೆಯಬೇಕು. ಅದಕ್ಕೇ ಶ್ರೀನಿವಾಸಪುರದಂಥ ಹಳ್ಳಿಗಳು ವಿಜ್ಞಾನಕ್ಕೆ ಬೇಕು, ಹಳ್ಳಿಗಳಿಗೂ ಆ ವಿಜ್ಞಾನ ಬೇಕು.

ಹಳ್ಳಿಗೆ ಯಂತ್ರ ಒಯ್ದರೆ ಇನ್ನೊಂದು ತೊಡಕು ಕಾದಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ, ಸರಿಯಾಗಿ ಗ್ಯಾಮಾದ ನಡುಮಧ್ಯೆ. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಇಇಜಿ ತೆಗೆದರೆ ಮಿದುಳಿನ ಲಯಕ್ಕಿಂತ ಗೋಡೆಯ ವೈರಿನ ಲಯವೇ ದೊಡ್ಡದಾಗಿ ಕೇಳುತ್ತದೆ. ಅದನ್ನು ಸೋಸಲು ಬರುತ್ತದೆ. ಸೋಸುವಾಗ ಸ್ವಲ್ಪ ಕಾಳೂ ಹೋಗುತ್ತದೆ.

ಕೋಲಾರದ ಇನ್ನೊಂದು ಸಂಗತಿ ಭಾಷೆ. ಅತ್ತೆ ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಮಂಡಿಯಲ್ಲಿ ಮುರುಕು ಉರ್ದು, ಕೆಜಿಎಫ್‌ನ ಬೀಗರ ಜೊತೆ ತಮಿಳು ಆಡುತ್ತಾಳೆ. ನಮ್ಮಲ್ಲಿ ಇದು ಯಾರ ಕಣ್ಣಿಗೂ ಬೀಳದಷ್ಟು ಮಾಮೂಲು. ನರರೋಗ ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಹೋದ್ಯೋಗಿಗಳು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ಹೀಗೆ: ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಈ ಅಂತರ ಇತ್ತು. ಇಂಥ ತೀರ್ಮಾನಗಳನ್ನು ಎಲ್ಲ ಅಧ್ಯಯನಗಳೂ ಸಮರ್ಥಿಸಿಲ್ಲ. ಆದರೆ ನಾಲ್ಕು ಭಾಷೆ ತೂಗಿಸುವ ತಲೆಯನ್ನು ಒಂದೇ ಭಾಷೆಯ ಕಾಗದದಲ್ಲಿ ಅಳೆದು ಸೊನ್ನೆ ಹಾಕಿದ್ದು ನನಗೆ ಇನ್ನೂ ನೋವು.

ಅಲೆಗಳಿಂದ ಅತಿಯಾಗಿ ನಿರೀಕ್ಷಿಸುವವರೂ ಇದ್ದಾರೆ. ಅಪರಾಧದ ನೆನಪು ತಲೆಯಲ್ಲಿದೆಯೇ ಎಂದು ಇಇಜಿಯಿಂದ ಹೇಳುತ್ತೇವೆ ಎಂಬ ಪರೀಕ್ಷೆ ನಮ್ಮ ದೇಶದ ತನಿಖೆಗಳಲ್ಲಿ ಬಳಕೆಯಾಯಿತು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ವಿಜ್ಞಾನದ ಕಡೆಯಿಂದಲೂ ಅದು ಸರಿ. ಪತ್ರಿಕೆಯಲ್ಲಿ ಓದಿದ್ದು, ಪೊಲೀಸರೇ ಹತ್ತು ಸಲ ಕೇಳಿದ್ದು, ತಾನೇ ಮಾಡಿದ್ದು, ಈ ಮೂರೂ ಪರಿಚಿತವೇ. ಪರಿಚಯದ ಅಲೆ ಮೂಲ ಯಾವುದೆಂದು ಹೇಳುವುದಿಲ್ಲ.

ಆನ್‌ಲೈನಿನಲ್ಲಿ ಈಗ ಸೆಕೆಂಡಿಗೆ 40 ಸಲ, ಅಂದರೆ ಗ್ಯಾಮಾದ ವೇಗದಲ್ಲಿ, ಮಿನುಗುವ ದೀಪಗಳನ್ನು ನೆನಪಿನ ಶಕ್ತಿಗೆಂದು ಮಾರುತ್ತಾರೆ. 2016ರಲ್ಲಿ ಇಲಿಗಳ ಮೇಲೆ ಅಂಥ ಬೆಳಕಿನಿಂದ ಆಲ್‌ಝೈಮರ್‌ನ ಪ್ರೋಟೀನ್ ಕಶ್ಮಲ ಕಡಿಮೆಯಾಯಿತು ಎಂಬ ವರದಿ ಬಂದದ್ದು ನಿಜ. 2023ರಲ್ಲಿ ಇನ್ನೊಂದು ತಂಡ ಇಲಿಗಳ ಮೇಲೆಯೇ ಪರಿಶೀಲಿಸಿದಾಗ ಆ ಫಲ ಸಿಗಲಿಲ್ಲ. ಮನುಷ್ಯರ ಮೇಲೆ ಪ್ರಯೋಗ ನಡೆಯುತ್ತಿದೆ. ಮೂರ್ಛೆಯ ಸಮಸ್ಯೆ ಇರುವವರಿಗೆ ಮಿನುಗು ಬೆಳಕು ಅಪಾಯ. ಆ ದುಡ್ಡಿಗೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ, ಕಣ್ಣಿನ ಪೊರೆ ತೆಗೆಸಿ, ಕಿವಿ ತೋರಿಸಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ, ಸರಿಪಡಿಸಿಕೊಂಡರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಕಿವಿ, ಕಣ್ಣು, ಬಿಪಿ, ಸಕ್ಕರೆ ಎಲ್ಲವೂ ಆ ಪಟ್ಟಿಯಲ್ಲಿವೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಉಪಕ್ರಮದ ಮೊದಲ ಹಂತಕ್ಕೇ ಕೋಲಾರ ಮತ್ತು ಚಿಕ್ಕಬಳ್ಳಾಪುರ ಸೇರಿದ್ದವು. ನೆನಪಿನ ತೊಂದರೆಗೆ ಇನ್ನು ನೇರ ಬೆಂಗಳೂರಿಗೇ ಓಡಬೇಕಿಲ್ಲ.

ಹೆಬ್ಬೆಟ್ಟೊತ್ತಿ ರಕ್ತ, ಸಮಯ, ನೆನಪು ಕೊಟ್ಟ ಹಳ್ಳಿಯ ಜನಕ್ಕೆ ಫಲಿತಾಂಶ ಅವರ ಮಾತಿನಲ್ಲಿ ಹಿಂತಿರುಗಬೇಕು ಎಂಬುದು ನನ್ನ ಒತ್ತಾಯ. ಇಂಗ್ಲಿಷ್ ವರದಿ ಪೆಟ್ಟಿಗೆಯ ತಳ ಸೇರುತ್ತದೆ. ಅತ್ತೆಯ ಇಇಜಿ ವರದಿ ಈಗ ಮಾವಿನ ತೋಟದ ಪಹಣಿಯ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿದೆ.

ಆರು ತಿಂಗಳ ಬಳಿಕ ಅವಳನ್ನು ಬೇರೊಂದು ಕಡೆ ತೋರಿಸಿದೆವು. ಅಲ್ಲಿನ ವೈದ್ಯೆ ತೆಲುಗಿನವರು. ಪ್ರಶ್ನೆಗೆ ಮೊದಲು ಕಿವಿ ನೋಡಿದರು. ಎಡಗಿವಿ ಬಹುತೇಕ ಕೇಳುತ್ತಿರಲಿಲ್ಲ, ಬಲಗಿವಿಗೆ ಅರ್ಧ. ಹತ್ತಿರ ಕೂತು, ಮುಖ ಕಾಣುವಂತೆ, ನಿಧಾನವಾಗಿ ಮೂರು ಪದ ಹೇಳಿ ಅವಳಿಂದಲೇ ಹೇಳಿಸಿಕೊಂಡರು. ಐದು ನಿಮಿಷದ ನಂತರ ಎರಡನ್ನು ಹೇಳಿದಳು, ಮೂರನೆಯದಕ್ಕೆ ಸ್ವಲ್ಪ ಸುಳಿವು ಬೇಕಾಯಿತು. ಸಣ್ಣ ಕುಂದು ಇರಬಹುದು, ಇಲ್ಲದೆಯೂ ಇರಬಹುದು, ಒಂದೇ ಸಲ ನೋಡಿ ಹೇಳುವುದಿಲ್ಲ ಎಂದರು ವೈದ್ಯೆ. ಕಿವಿಗೆ ಯಂತ್ರ ಬರೆದುಕೊಟ್ಟು, ಮುಂದಿನ ವರ್ಷ ಇದೇ ತಿಂಗಳು ಮತ್ತೆ ಬರಲು ಹೇಳಿದರು. ಈ ಸಲ ಬಂದ ಅಂಕಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಮುಂದಿನ ಸಲ ಅವಳನ್ನು ಹೋಲಿಸುವುದು ಅವಳದೇ ಅಂಕಗಳಿಗೆ.